ಅಂಜಿನ್ ಯಾವ ಬಾಗಿಲಿನಿಂದ ಒಳಗೆ ಹೋದ?

 

ಇವತ್ತಿನ ಧಮ್ಮ ಚಿಂತನೆ ದಿನದ್ದಕ್ಕಿಂತ ಉದ್ದ ಇದೆ. ಬಿಡುವು ಮಾಡಿಕೊಂಡು ಓದಿ.

ಕಳೆದ ಭಾನುವಾರ ವಂದನೆ ಮುಗಿಸಿ ಟೀ ಕುಡಿಯುತ್ತಿದ್ದಾಗ ನಮ್ಮ ಬಳಗದ ಹುಡುಗನೊಬ್ಬ ಕೇಳಿದ: "ಸರ್, ಶೋಗನ್ ನೋಡಿದ್ರಾ? ಎಂಥಾ ಶಿಸ್ತು, ಎಂಥಾ ಮರ್ಯಾದೆ! ಸಾಯೋಕೂ ಹೆದರಲ್ಲ. ಅವರೂ ಬೌದ್ಧರೇ ಅಲ್ವಾ ಸರ್, ನಮ್ಮವರಲ್ಲಿ ಯಾಕೆ ಅದು ಬರಲಿಲ್ಲ?" ನಾನು ಆ ಧಾರಾವಾಹಿಯನ್ನು ಪೂರ್ತಿ ನೋಡಿಲ್ಲ. ಆದರೆ ಅದಕ್ಕೆ ಮೂಲವಾದ ಜೇಮ್ಸ್ ಕ್ಲಾವೆಲ್ ಅವರ ಕಾದಂಬರಿಯನ್ನು ಓದುವ ವಯಸ್ಸಿನಲ್ಲಿ, ಎರಡು ರಾತ್ರಿ ನಿದ್ದೆಗೆಟ್ಟು ಓದಿದ್ದೆ. ಹುಡುಗನ ಕಣ್ಣಲ್ಲಿದ್ದ ಹೊಳಪು ಆಗ ನನ್ನ ಕಣ್ಣಲ್ಲೂ ಇತ್ತು. ಕೋರೆಗಾಂವ್ ಸ್ತಂಭದ ಮುಂದೆ ನಿಂತು ಎದೆಯುಬ್ಬಿಸಿದ ನಮಗೆ ಕತ್ತಿಯ ಕಥೆ ಹಿಡಿಸುವುದು ಸಹಜ. ಅದರಲ್ಲಿ ನಾಚಿಕೆ ಪಡುವಂಥದ್ದು ಏನೂ ಇಲ್ಲ.

ಅವನಿಗೆ ಆಗ ಸರಿಯಾಗಿ ಉತ್ತರ ಕೊಡಲಾಗಲಿಲ್ಲ. ಮನೆಗೆ ಬಂದು ಪುಸ್ತಕ ಮತ್ತೆ ತೆಗೆದೆ.

ಗೊತ್ತಿಲ್ಲದವರಿಗೆ ಕಥೆಯನ್ನು ಎರಡು ಮಾತಿನಲ್ಲಿ ಹೇಳುತ್ತೇನೆ. 1600ನೇ ಇಸವಿ. ಜಾನ್ ಬ್ಲ್ಯಾಕ್‌ಥಾರ್ನ್ ಎಂಬ ಇಂಗ್ಲಿಷ್ ನಾವಿಕ ಡಚ್ಚರ ಹಡಗಿನಲ್ಲಿ, ಅರೆಜೀವವಾಗಿ, ಜಪಾನಿನ ದಡ ಸೇರುತ್ತಾನೆ. ಮೊದಲು ಕೈದಿ. ಆಮೇಲೆ ತೊರಾನಾಗ ಎಂಬ ದೊಡ್ಡ ಒಡೆಯನ ಆಶ್ರಯ. ಭಾಷೆ ಕಲಿಯುತ್ತಾನೆ, ನಡುಬಗ್ಗಿಸಿ ನಮಸ್ಕರಿಸುವುದನ್ನು ಕಲಿಯುತ್ತಾನೆ, ದಿನಾ ಸ್ನಾನ ಮಾಡುವುದನ್ನು ಕಲಿಯುತ್ತಾನೆ. ಕೊನೆಗೆ ಅವನೇ ಸಮುರಾಯ್. ಅಲ್ಲಿಯವರು ಅವನನ್ನು ಕರೆಯುವುದು ‘ಅಂಜಿನ್’ ಎಂದು. ಹಡಗಿಗೆ ದಾರಿ ತೋರಿಸುವವನು ಎಂದರ್ಥ. 1975ರಲ್ಲಿ ಪುಸ್ತಕ ಬಂತು, 1980ರಲ್ಲಿ ಟಿವಿಗೆ ಬಂತು, 2024ರಲ್ಲಿ ಮತ್ತೆ ಬಂದು 18 ಎಮ್ಮಿ ಪ್ರಶಸ್ತಿ ಗೆದ್ದಿತು.

ಇದು ಬರೀ ಕಟ್ಟುಕಥೆಯಲ್ಲ. ವಿಲಿಯಂ ಆಡಮ್ಸ್ ಎಂಬ ನಿಜವಾದ ನಾವಿಕ ಅದೇ 1600ರ ಏಪ್ರಿಲ್‌ನಲ್ಲಿ ಕ್ಯೂಶೂ ದ್ವೀಪದ ದಡ ಸೇರಿದ. ತೊಕುಗಾವಾ ಇಯೆಯಾಸು ಅವನನ್ನು ಬಳಿಗೆ ಸೇರಿಸಿಕೊಂಡು, ಎರಡು ಕತ್ತಿ ಕಟ್ಟುವ ಅಧಿಕಾರ ಕೊಟ್ಟು, ಹೆಮಿ ಎಂಬಲ್ಲಿ ಜಹಗೀರು ಕೊಟ್ಟ. 1620ರಲ್ಲಿ ಆಡಮ್ಸ್ ಜಪಾನಿನಲ್ಲೇ ತೀರಿಕೊಂಡ. 1611ರಲ್ಲಿ ಅವನು ಬರೆದ ಒಂದು ಕಾಗದ ಉಳಿದಿದೆ. ತನಗೆ ಸಿಕ್ಕಿದ ಜಹಗೀರು ಇಂಗ್ಲೆಂಡಿನ ಒಬ್ಬ ಪ್ರಭುವಿನದ್ದರಂತಿದೆ, ಎಂಬತ್ತು ತೊಂಬತ್ತು ಬೇಸಾಯಗಾರರು ತನಗೆ ಗುಲಾಮರಂತೆ, ಆಳುಗಳಂತೆ ಇದ್ದಾರೆ ಎಂದು ಅದರಲ್ಲಿ ಸಂತೋಷದಿಂದ ಹೇಳಿಕೊಂಡಿದ್ದಾನೆ. ಆ ಎಂಬತ್ತು ತೊಂಬತ್ತು ಜನರಲ್ಲಿ ಯಾರ ಕಾಗದವೂ ನಮ್ಮ ಕೈಗೆ ಬಂದಿಲ್ಲ. ಅವರ ಬಗ್ಗೆ ಕಾದಂಬರಿ ಬರೆದವರೂ ಇಲ್ಲ.

ಈಗ ಪುಸ್ತಕದೊಳಗಿನ ಎರಡು ಸಂಗತಿ.

ಒಂದನ್ನು ಧಾರಾವಾಹಿ ನೋಡಿದವರು ಮರೆತಿರಲಾರರು. ಬ್ಲ್ಯಾಕ್‌ಥಾರ್ನ್‌ಗೆ ಒಂದು ಮನೆ, ಆಳುಕಾಳು ಎಲ್ಲ ಸಿಕ್ಕಿರುತ್ತದೆ. ಕಾಡುಕೋಳಿಯಂಥ ಒಂದು ಹಕ್ಕಿಯನ್ನು ತಮ್ಮ ದೇಶದ ಪದ್ಧತಿಯಂತೆ ಹದವಾಗಲಿ ಎಂದು ಸೂರಿಗೆ ನೇತುಹಾಕುತ್ತಾನೆ. ಇದನ್ನು ಯಾರೂ ಮುಟ್ಟಬಾರದು, ಮುಟ್ಟಿದರೆ ಸಾವು ಎನ್ನುತ್ತಾನೆ. ಬಾಯಿಮಾತಿಗೆ ಹೇಳಿದ್ದು. ಹಕ್ಕಿ ಕೊಳೆಯಿತು. ನೊಣ ಮುತ್ತಿತು. ಇಡೀ ಊರಿಗೆ ನಾತ. ಒಡೆಯನ ಮಾತು ಮೀರಲು ಯಾರಿಗೂ ಧೈರ್ಯವಿಲ್ಲ. ಕೊನೆಗೆ ತೋಟದ ಕೆಲಸದ ಮುದುಕ ಅದನ್ನು ಇಳಿಸಿದ. ಮುದುಕನನ್ನು ಕೊಂದರು. ವಿಷಯ ತಿಳಿದು ಬ್ಲ್ಯಾಕ್‌ಥಾರ್ನ್ ಒದ್ದಾಡಿಹೋಗುತ್ತಾನೆ: ನನ್ನನ್ನು ಯಾಕೆ ಕೇಳಲಿಲ್ಲ, ಒಂದು ಹಕ್ಕಿಗಾಗಿ ಮನುಷ್ಯನನ್ನೇ ಕೊಂದಿರಾ? ಅವರಿಗೆ ಅವನ ಸಂಕಟವೇ ಅರ್ಥವಾಗುವುದಿಲ್ಲ. ಹೇಳಿದ್ದು ನೀನೇ ತಾನೇ ಎನ್ನುತ್ತಾರೆ.

ಓದುವವರ ಕರುಳು ಇಲ್ಲಿ ಬ್ಲ್ಯಾಕ್‌ಥಾರ್ನ್‌ಗಾಗಿ ಮಿಡಿಯುತ್ತದೆ. ಕಥೆಗಾರನ ಜಾಣ್ಮೆ ಅದು. ನಾನೂ ಮೊದಲ ಓದಿನಲ್ಲಿ ಅಯ್ಯೋ ಪಾಪ ಅಂದಿದ್ದು ಒಡೆಯನಿಗೆ. ಮುದುಕನಿಗೆ ಮನೆಯಲ್ಲಿ ಯಾರಿದ್ದರು ಎಂದು ಕೇಳಬೇಕು ಅನ್ನಿಸಿದ್ದು ಈಗ, ಈ ವಯಸ್ಸಿನಲ್ಲಿ.

ಎರಡನೆಯದನ್ನು ಬಹಳ ಜನ ಗಮನಿಸುವುದೇ ಇಲ್ಲ. ಬ್ಲ್ಯಾಕ್‌ಥಾರ್ನ್ ಮೇಲೇರುತ್ತಾ ಹೋದಂತೆ ಅವನ ಜೊತೆ ಹಡಗಿನಲ್ಲಿ ಬಂದವರು ಬೇರೆ ಕಡೆ ಉಳಿಯುತ್ತಾರೆ. ಬಹಳ ದಿನಗಳ ಮೇಲೆ ಎದೋ ನಗರದಲ್ಲಿ ಅವರನ್ನು ನೋಡಲು ಹೋಗುತ್ತಾನೆ. ಅವರನ್ನು ಇರಿಸಿರುವುದು ‘ಎತಾ’ ಜನರ ಕೇರಿಯಲ್ಲಿ. ಸತ್ತ ದನ ಎತ್ತುವವರು, ತೊಗಲು ಹದ ಮಾಡುವವರು, ಗಲ್ಲು ಶಿಕ್ಷೆ ನಡೆದ ಮೇಲೆ ಹೆಣ ಸಾಗಿಸುವವರು. ಹಳೆಯ ಗೆಳೆಯರು ಅವನನ್ನು ಕಂಡು ಕುಣಿಯುತ್ತಾರೆ, ಕುಡಿಯಲು ಕೊಡುತ್ತಾರೆ. ಇವನಿಗೆ ಮಾತ್ರ ಅಲ್ಲಿಯ ವಾಸನೆ, ಅವರ ಕೊಳಕು ಬಟ್ಟೆ, ಅವರ ಜೋರು ಮಾತು ಯಾವುದೂ ಸಹಿಸಲಾಗುವುದಿಲ್ಲ. ಯಾವಾಗ ಹೊರಗೆ ಹೋಗಿ ಸ್ನಾನ ಮಾಡೇನೋ ಎಂದು ಚಡಪಡಿಸುತ್ತಾನೆ. ಒಂದೇ ಹಡಗಿನಲ್ಲಿ ಒಟ್ಟಿಗೆ ಹಸಿದು, ಒಟ್ಟಿಗೆ ಸಾಯಲು ಬಿದ್ದಿದ್ದವರು!

ಅವನು ಪೂರ್ತಿ ಜಪಾನಿಯಾದ ಎಂದು ಓದುಗರು ಮೆಚ್ಚುವುದು ಹೆಚ್ಚುಕಡಿಮೆ ಇಲ್ಲಿಂದಲೇ. ಭಾಷೆ ಕಲಿತ, ಕತ್ತಿ ಕಲಿತ, ಕೊನೆಗೆ ಹೇಸುವುದನ್ನೂ ಕಲಿತ. ಆ ಪಾಠವನ್ನು ಯಾರೂ ಅವನನ್ನು ಕೂರಿಸಿ ಹೇಳಿಕೊಡಲಿಲ್ಲ. ಮೇಲಿನ ಬಾಗಿಲಿನಿಂದ ಒಳಗೆ ಹೋದವನಿಗೆ ಅದು ಊಟದ ಜೊತೆ ಉಪ್ಪಿನ ಹಾಗೆ ತಾನಾಗಿ ಸಿಗುತ್ತದೆ.

ಹುಡುಗ ಕೇಳಿದ್ದು, ಅವರೂ ಬೌದ್ಧರಲ್ಲವೇ ಎಂದು. ಹೌದು, ಬೌದ್ಧರೇ. ಆದ್ದರಿಂದಲೇ ನಾವು ಇದನ್ನು ಕಣ್ಣುಬಿಟ್ಟು ನೋಡಬೇಕು.

‘ಎತಾ’ ಎಂದು ಬರೆಯುವ ಅಕ್ಷರಗಳ ಅರ್ಥ ‘ಬಹಳ ಹೊಲಸು’. ಯುದ್ಧಗಳ ಕಾಲದಲ್ಲಿ ಇದೇ ಜನರನ್ನು ಒಡೆಯರು ಪೈಪೋಟಿಯ ಮೇಲೆ ತಮ್ಮ ಸೀಮೆಗೆ ಕರೆಸಿಕೊಳ್ಳುತ್ತಿದ್ದರು. ಯಾಕೆಂದರೆ ತೊಗಲಿಲ್ಲದೆ ಕವಚವಿಲ್ಲ, ಜೀನು ಇಲ್ಲ. ಸಮುರಾಯ್ ಎದೆಯ ಮೇಲೆ ಮಿರಮಿರ ಮಿಂಚುವ ಆ ಪಟ್ಟಿಗಳಲ್ಲಿ ಎಷ್ಟೋ ಅರಗು ಬಳಿದ ತೊಗಲಿನವು. ತೊಕುಗಾವಾ ಆಳ್ವಿಕೆ ಗಟ್ಟಿಯಾದ ಮೇಲೆ ಹುಟ್ಟಿನಿಂದಲೇ ಅವರು ಬೇರೆ, ಅವರ ವಾಸ ಬೇರೆ, ಮದುವೆ ಬೇರೆ ಎಂದಾಯಿತು. ತೊಗಲು ಮೈಮೇಲೆ, ತೊಗಲು ಮಾಡಿದವನು ಊರಾಚೆ. ನಮಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ದೇವಸ್ಥಾನ ಕಟ್ಟಿದ ಧರ್ಮ ಹೀಗೆ ಮಾಡಿತು ಎಂದಿದ್ದರೆ ನಮಗೆ ಹೊಸದೇನೂ ಇರಲಿಲ್ಲ. ಆದರೆ ಅಲ್ಲಿ ಬುದ್ಧ ವಿಹಾರಗಳೇ ಹೀಗೆ ಮಾಡಿದವು. ಆ ಜನರಿಗೆ ಬೇರೆ ವಿಹಾರ. ಸತ್ತವರಿಗೆ ಭಿಕ್ಷುಗಳು ಒಂದು ಧರ್ಮನಾಮ ಕೊಟ್ಟು ಸಮಾಧಿಯ ಕಲ್ಲಿನ ಮೇಲೆ ಕೆತ್ತಿಸುವ ಪದ್ಧತಿ ಅಲ್ಲಿದೆ. ಇವರ ಕಲ್ಲುಗಳ ಮೇಲೆ ‘ಪಶು’, ‘ತೊಗಲು’, ‘ಆಳು’ ಎನ್ನುವ ಅರ್ಥದ ಅಕ್ಷರಗಳನ್ನು ಸೇರಿಸಿ ಕೆತ್ತಿದರು. ಸತ್ತ ಮೇಲೂ ಗುರುತು ಸಿಗಲಿ ಎಂದು! 1979ರಲ್ಲಿ ಅಂತರರಾಷ್ಟ್ರೀಯ ಧರ್ಮ ಸಮ್ಮೇಳನವೊಂದರಲ್ಲಿ ಸೋತೋ ಝೆನ್ ಪಂಥದ ಮುಖ್ಯಸ್ಥರು ಎದ್ದುನಿಂತು, ಜಪಾನಿನಲ್ಲಿ ಅಂಥ ತಾರತಮ್ಯವೇ ಇಲ್ಲ ಎಂದರು. ದೊಡ್ಡ ಪ್ರತಿಭಟನೆಯಾಯಿತು. ಆಮೇಲೆ ಪಂಥ ತಪ್ಪೊಪ್ಪಿಕೊಂಡು, ತನ್ನ ವಿಹಾರಗಳ ದಾಖಲೆಗಳನ್ನೂ ಸಮಾಧಿಗಳನ್ನೂ ಹುಡುಕಿ ಸರಿಪಡಿಸುವ ಕೆಲಸಕ್ಕೆ ಇಳಿಯಿತು. ಒಪ್ಪಿಕೊಂಡಿದ್ದು ದೊಡ್ಡದೇ, ಇಲ್ಲ ಎನ್ನುವುದಿಲ್ಲ.

ಕಾನೂನು 1871ರಲ್ಲೇ ‘ಎತಾ’ ಎಂಬ ಹೆಸರನ್ನು ರದ್ದು ಮಾಡಿತ್ತು. ಎರಡು ವರ್ಷದ ಮೇಲೆ ಮಿಮಾಸಾಕಾ ಸೀಮೆಯಲ್ಲಿ ರೈತರೇ ದಂಗೆಯೆದ್ದು ಅವರ ಕೇರಿಗಳಿಗೆ ಬೆಂಕಿಯಿಟ್ಟರು, ಜನರನ್ನು ಕೊಂದರು. ಟಾಮ್ ಕ್ರೂಸ್ ನಟಿಸಿದ ‘ದಿ ಲಾಸ್ಟ್ ಸಮುರಾಯ್’ ಸಿನಿಮಾ ನಡೆಯುವುದು ಇದಾದ ಮೂರು ನಾಲ್ಕು ವರ್ಷಕ್ಕೆ. ಕತ್ತಿ ಕಳೆದುಕೊಂಡವರಿಗಾಗಿ ಕಣ್ಣೀರು ಹಾಕಿಸುವ ಸಿನಿಮಾ. ಮನೆ ಸುಟ್ಟುಹೋದವರು ಅದರಲ್ಲಿ ಎಲ್ಲೂ ಇಲ್ಲ. ಕ್ಲಾವೆಲ್ ಕಾದಂಬರಿ ಬಂದ ಅದೇ 1975ರಲ್ಲಿ ಜಪಾನಿನಲ್ಲಿ ಇನ್ನೊಂದು ಪುಸ್ತಕದ ಸುದ್ದಿ ಹೊರಬಿತ್ತು: ಈ ಜನರ ಕೇರಿಗಳು ಎಲ್ಲೆಲ್ಲಿವೆ ಎಂಬ ಗುಟ್ಟಿನ ಪಟ್ಟಿ. ಕೆಲಸಕ್ಕೆ ಅರ್ಜಿ ಹಾಕಿದವನ ವಿಳಾಸ ತಾಳೆ ನೋಡಲು 200ಕ್ಕೂ ಹೆಚ್ಚು ಕಂಪನಿಗಳು ಅದನ್ನು ಕೊಂಡಿದ್ದವು.

ಆ ಜನರೂ ಸುಮ್ಮನೆ ಕೂರಲಿಲ್ಲ. 1922ರ ಮಾರ್ಚ್ 3ರಂದು ಕ್ಯೋಟೋದಲ್ಲಿ ಸೇರಿ ‘ಸುಯಿಹೇಯ್‌ಶಾ’ ಎಂಬ ಸಂಘಟನೆ ಕಟ್ಟಿದರು. ನಿಂತ ನೀರಿನ ಮಟ್ಟದ ಹಾಗೆ ಎಲ್ಲರೂ ಸಮ ಎನ್ನುವುದು ಆ ಹೆಸರಿನ ಭಾವ. ಬಾಬಾಸಾಹೇಬರ ಮಹಾಡ್ ಸತ್ಯಾಗ್ರಹಕ್ಕಿಂತ ಐದು ವರ್ಷ ಮೊದಲು. ಅವರೂ ನೀರನ್ನೇ ಹಿಡಿದರು ನೋಡಿ! ಅವರ ಘೋಷಣಾ ಪತ್ರ ಬರೆದ ಸಾಯಿಕೋ ಮಂಕಿಚಿ ಅದೇ ಜನರ ಒಂದು ಬುದ್ಧ ವಿಹಾರದ ಮಗ. ಶುರುವಿನಲ್ಲೇ ಅವರು ದೊಡ್ಡ ಹೊಂಗಾನ್‌ಜಿ ವಿಹಾರಗಳಿಗೆ, ಇನ್ನು ನಿಮಗೆ ನಮ್ಮಿಂದ ವಂತಿಗೆ ಇಲ್ಲ ಎಂದು ಹೇಳಿಕಳಿಸಿದರು. ಸಮುರಾಯ್ ಶೌರ್ಯ ಬೇಕು ಎನ್ನುವ ಹುಡುಗರು ಇದನ್ನೂ ಓದಲಿ.

ಕತ್ತಿ ಹಿಡಿದವರು ಬುದ್ಧನ ಮುಂದೆಯೂ ಬಂದಿದ್ದರು. ಭದ್ದಿಯ, ಅನುರುದ್ಧ, ಆನಂದ ಮುಂತಾದ ಶಾಕ್ಯ ಕುಲದ ರಾಜಕುಮಾರರು ಪಬ್ಬಜ್ಜೆಗೆ ಬಂದಾಗ ಜೊತೆಯಲ್ಲಿ ಅವರ ಕ್ಷೌರಿಕ ಉಪಾಲಿಯೂ ಇದ್ದ. ಅವರೇ ಕೇಳಿಕೊಂಡರು: ನಾವು ಶಾಕ್ಯರು ಬಹಳ ಅಹಂಕಾರಿಗಳು, ಮೊದಲು ಉಪಾಲಿಗೆ ದೀಕ್ಷೆ ಕೊಡಿ, ಹಿರಿಯನಾದ ಅವನಿಗೆ ನಾವು ಬಗ್ಗಿ ನಮಸ್ಕರಿಸುವಂತಾಗಲಿ ಎಂದು. ಹಾಗೇ ಆಯಿತು. ಬಾಬಾಸಾಹೇಬರು ‘ಬುದ್ಧ ಮತ್ತು ಅವನ ಧಮ್ಮ’ದಲ್ಲಿ ಉಪಾಲಿಗೆ ಬೇರೆಯೇ ಜಾಗ ಕೊಟ್ಟಿದ್ದಾರೆ. ಶೋಗನ್‌ನಲ್ಲೂ ಪುಟಪುಟಕ್ಕೆ ನಮಸ್ಕಾರಗಳಿವೆ. ಒಬ್ಬ ಸಮುರಾಯ್ ತನ್ನ ತೋಟದ ಮುದುಕನಿಗೆ ಮೊದಲು ಬಗ್ಗಿದ್ದು ನನಗೆ ಸಿಗಲಿಲ್ಲ. ಬಾಗುವುದು ಎರಡು ಕಡೆಯೂ ಒಂದೇ ಥರ ಕಾಣುತ್ತದೆ. ಯಾರು ಯಾರಿಗೆ ಬಾಗಿದರು ಎಂದು ನೋಡಿದರೆ ಅದು ಧಮ್ಮವೋ ದರ್ಬಾರೋ ತಿಳಿಯುತ್ತದೆ.

ಇನ್ನೊಬ್ಬ ವಿದೇಶಿಯನ್ನು ಇಲ್ಲಿ ನೆನೆಯಬೇಕು. ಮಿಮಾಸಾಕಾ ಸೀಮೆ ಇವತ್ತು ಒಕಾಯಾಮಾ ಪ್ರಾಂತ್ಯದಲ್ಲಿದೆ. ಅದೇ ಪ್ರಾಂತ್ಯದಲ್ಲಿ 1935ರಲ್ಲಿ ಹುಟ್ಟಿದ ಒಬ್ಬ ಭಿಕ್ಷು 1960ರ ದಶಕದಲ್ಲಿ ಭಾರತಕ್ಕೆ ಬಂದು ನಾಗ್ಪುರ ಸೇರಿದರು. ನಮ್ಮ ಭಂತೆ ಸುರೈ ಸಸಾಯಿ. ಅವರೂ ಪರದೇಶದಲ್ಲಿ ಮುಳುಗಿದವರೇ. ಆದರೆ ಅವರು ಕೆಳಗಿನ ಬಾಗಿಲಿನಿಂದ ಒಳಗೆ ಬಂದರು, ನಮ್ಮವರ ಬಸ್ತಿಗಳಿಗೆ. ಅಲ್ಲೇ ಹಿಂದಿ ಕಲಿತರು, ಬುದ್ಧಗಯಾದ ಮಹಾಬೋಧಿ ವಿಹಾರ ಬೌದ್ಧರಿಗೆ ಸಿಗಬೇಕೆಂದು ನಮ್ಮವರ ಮುಂದೆ ನಿಂತು ಹೋರಾಡಿದರು. ಅವರ ಬಗ್ಗೆ ಯಾರೂ 18 ಎಮ್ಮಿಯ ಧಾರಾವಾಹಿ ಮಾಡಿಲ್ಲ.

ಇಷ್ಟೆಲ್ಲ ಬರೆದು ಹುಡುಗನಿಗೆ ಕಳಿಸಿ ಸುಮ್ಮನಾಗಬಹುದಿತ್ತು. ಆದರೆ ಬ್ಲ್ಯಾಕ್‌ಥಾರ್ನ್‌ನ ಆ ಸ್ನಾನ ನನ್ನನ್ನು ಬಿಡಲಿಲ್ಲ.

ಊರಿನಲ್ಲಿ ನಮ್ಮ ಚಿಕ್ಕಪ್ಪ ಈಗಲೂ ತಮಟೆಗೆ ತೊಗಲು ಹದ ಮಾಡುತ್ತಾರೆ. ಸುತ್ತ ಹತ್ತು ಹಳ್ಳಿಗೆ ಅವರೊಬ್ಬರೇ. ಹಿತ್ತಲಿಗೆ ಕಾಲಿಟ್ಟರೆ ಸುಣ್ಣದ ನೀರಿನ ವಾಸನೆ, ತಂಗಡಿ ಚಕ್ಕೆಯ ವಾಸನೆ. ಹೋದ ವರ್ಷ ಪಹಣಿಯ ಒಂದು ಸಹಿಗಾಗಿ ಹೋಗಿದ್ದೆ. ಅವರು ಕೈ ಒರೆಸಿಕೊಂಡು ಬಂದು ನನ್ನ ಹೆಗಲು ಹಿಡಿದುಕೊಂಡರು. ನಾನು ನಿಂತೇ ಮಾತಾಡಿದೆ. ಸಹಿ ಹಾಕಿಸಿಕೊಂಡು, ಬಸ್ಸಿದೆ ಚಿಕ್ಕಪ್ಪ ಎಂದು ಹೊರಟೆ. ಬಸ್ಸೇನೂ ಇರಲಿಲ್ಲ, ನನ್ನದೇ ಬೈಕಿತ್ತು. ಊರ ಬಾಗಿಲಲ್ಲಿ ನಿಲ್ಲಿಸಿದ್ದೆ. ಮನೆಗೆ ಬಂದವನೇ ಯಾವುದನ್ನೂ ಮುಟ್ಟದೆ ಸೀದಾ ಬಚ್ಚಲಿಗೆ ಹೋದೆ. ಅಂಗಿಯನ್ನು ಬೇರೆ ಬಕೆಟ್ಟಿಗೆ ಹಾಕಿದೆ. ಗೋಡೆಯ ಮೇಲೆ ಬಾಬಾಸಾಹೇಬರ ಫೋಟೋ, ಪಕ್ಕದಲ್ಲಿ 22 ಪ್ರತಿಜ್ಞೆಯ ಕ್ಯಾಲೆಂಡರ್.

ಅವ್ವ ಬಚ್ಚಲ ಬಾಗಿಲಲ್ಲಿ ನಿಂತು ಕೇಳಿದಳು, "ಅಲ್ಲಿ ಉಂಡ್ಯಾ?"

"ಇಲ್ಲವ್ವ, ಅರ್ಜೆಂಟಿತ್ತು."

"ನೀನು ಬರ್ತೀಯ ಅಂತ ಬೆಳಿಗ್ಗೇನೇ ಮುದ್ದೆಗೆ ಎಸರಿಟ್ಟಿದ್ರಂತೆ. ಈಗ ಫೋನ್ ಮಾಡಿದ್ದ, ಹುಡ್ಗ ಮನೆ ಸೇರಿದ್ನಾ ಅಂತ."

ಇದನ್ನು ಇದುವರೆಗೆ ಯಾರಿಗೂ ಹೇಳಿರಲಿಲ್ಲ. ಮೊನ್ನೆ ಚಿಕ್ಕಪ್ಪನಿಗೆ ಫೋನ್ ಮಾಡಿದೆ. ಬಳಗದವರನ್ನೆಲ್ಲ ಕರೆದುಕೊಂಡು ಬರಲಾ ಎಂದೆ. ಎಷ್ಟು ಜನ ಎಂದಷ್ಟೇ ಕೇಳಿದರು.

ಈ ಭಾನುವಾರದ ವಂದನೆ ಚಿಕ್ಕಪ್ಪನ ಮನೆಯ ಹಿತ್ತಲಲ್ಲಿ, ಬೆಳಿಗ್ಗೆ 10ಕ್ಕೆ. ಊಟ ಅಲ್ಲೇ. ಎಷ್ಟು ಜನ ಬರುತ್ತೀರಿ ಎಂದು ಶುಕ್ರವಾರದೊಳಗೆ ಗುಂಪಿನಲ್ಲಿ ತಿಳಿಸಿ.

ಜೈ ಭೀಮ್.