ಕೇಳಿದವಳ ಸಾಲ

ಗಂಡ ಹೊಡೀತಾನಾ? ಯಾವುದರಿಂದ ಹೊಡೀತಾನೆ? ಹೋದ ವರ್ಷ ಎಷ್ಟು ಸಲ ಹೊಡೆದ?

ಪರದೇಶದಿಂದ ಬಂದ ಓದಿದ ಹೆಂಗಸೊಬ್ಬಳು ಬಡವರ ಬೀದಿಯ ಹೆಂಗಸಿಗೆ ಹೀಗೆ ಕೇಳುತ್ತಾಳೆ ಅಂತ ಇಟ್ಟುಕೊಳ್ಳಿ. ಕೇಳುವವಳ ಚೀಲದಲ್ಲಿ ವಾಪಸು ಹೋಗುವ ಟಿಕೆಟ್ ಇದೆ. ಉತ್ತರ ಕೊಟ್ಟವಳು ಅದೇ ಮನೆಯಲ್ಲಿ, ಅದೇ ಗಂಡನ ಜೊತೆ ಅವತ್ತಿನ ರಾತ್ರಿ ಕಳೆಯಬೇಕು. ಹಾಗಿರುವಾಗ ಕೇಳುವ ಹಕ್ಕು ಇವಳಿಗೆ ಎಲ್ಲಿಂದ ಬಂತು?

ಗೆಳೆಯರೇ, ಈ ಪ್ರಶ್ನೆ ನಮಗೆ ದೂರದ್ದಲ್ಲ. ನಮ್ಮ ಕೇರಿಗಳಿಗೂ ಬರೆದುಕೊಳ್ಳುವವರು ಬರುತ್ತಾರೆ. ಅವ್ವಂದಿರು ಚಾಪೆ ಹಾಸಿ ಕೂರಿಸಿ ಇದ್ದದ್ದನ್ನೆಲ್ಲ ಹೇಳುತ್ತಾರೆ. ಬರೆದುಕೊಂಡವರಿಗೆ ಪದವಿ ಸಿಗುತ್ತದೆ. ಹೇಳಿದವರಿಗೆ ಏನು ಸಿಕ್ಕಿತು ಅಂತ ಯಾರೂ ಕೇಳಲ್ಲ. ಅದಕ್ಕೇ ನಮ್ಮ ಕೆಲವರು, ಹೊರಗಿನವರು ನಮ್ಮ ನೋವನ್ನು ಮುಟ್ಟಲೇ ಕೂಡದು ಅನ್ನುತ್ತಾರೆ. ಆ ಸಿಟ್ಟು ನನಗೂ ಇದೆ. ಆದರೆ ಮನೆ ಮಾತು ಹೊರಗೆ ಹೋಗಬಾರದು ಅಂತ ಹೆಂಗಸಿನ ಬಾಯಿ ಮುಚ್ಚಿಸುವವರು ಯಾರು? ಒಳಗಿನವರಾದ ನಾವೇ. ಜಾತಿಯ ದೌರ್ಜನ್ಯದ ವಿರುದ್ಧ ಬೀದಿಯಲ್ಲಿ ಘೋಷಣೆ ಕೂಗುವ ನಾವು, ಪಕ್ಕದ ಗುಡಿಸಲಲ್ಲಿ ಒಬ್ಬಳು ಕೂಗಿಕೊಂಡರೆ ಅದು ಅವರ ಸಂಸಾರದ ವಿಷಯ ಅಂತ ಮಗ್ಗುಲು ಬದಲಿಸುತ್ತೇವೆ. ಒಳಗಿನವನು ಅನ್ನುವುದೊಂದೇ ಯೋಗ್ಯತೆ ಆಗುವುದಿಲ್ಲ.

ಮಧ್ಯ ಅಮೆರಿಕದ ನಿಕರಾಗುವಾದ ಕತೆ ಹೇಳುತ್ತೇನೆ. 1979ರಲ್ಲಿ ಸರ್ವಾಧಿಕಾರಿಯನ್ನು ಓಡಿಸಿ ಕ್ರಾಂತಿ ಮಾಡಿದ ನಾಡು ಅದು. ಕ್ರಾಂತಿಯಾಯಿತು, ಮನೆಯೊಳಗಿನ ಪೆಟ್ಟು ನಿಲ್ಲಲಿಲ್ಲ. ಅಮೆರಿಕದ ಮೇರಿ ಎಲ್ಸ್‌ಬರ್ಗ್ ಆ ದೇಶದಲ್ಲಿ ಸುಮಾರು 20 ವರ್ಷ ಇದ್ದು, ಆರೋಗ್ಯ ಮತ್ತು ಹೆಂಗಸರ ಹಕ್ಕಿಗಾಗಿ ಕೆಲಸ ಮಾಡಿದವರು. 1995ರಲ್ಲಿ ಅವರು ಲೆಯೊನ್ ನಗರದ ವಿಶ್ವವಿದ್ಯಾಲಯದವರ ಜೊತೆ, ಹಿಂಸೆಯ ವಿರುದ್ಧ ಹೋರಾಡುತ್ತಿದ್ದ ಅಲ್ಲಿಯ ಹೆಂಗಸರ ಒಕ್ಕೂಟದ ಜೊತೆ ಕೂಡಿ 488 ಹೆಂಗಸರನ್ನು ಮಾತಾಡಿಸಿದರು. ಗಂಡಸಿನ ಜೊತೆ ಬಾಳ್ವೆ ಮಾಡಿದವರಲ್ಲಿ 100ಕ್ಕೆ 52 ಮಂದಿ ಪೆಟ್ಟು ತಿಂದಿದ್ದರು. ಆ ಅಂಕಿಯನ್ನು ಒಕ್ಕೂಟ ಬೀದಿಗೂ ಶಾಸನಸಭೆಗೂ ಒಯ್ದಿತು. 1996ರಲ್ಲಿ ಕೌಟುಂಬಿಕ ಹಿಂಸೆಯ ವಿರುದ್ಧ ಕಾನೂನು ಬಂತು.

ಇನ್ನೊಂದು ಸಂಗತಿ ಇದೆ. 1998ರಲ್ಲಿ ಅದೇ ದೇಶದಲ್ಲಿ ನಡೆದ ದೊಡ್ಡ ಆರೋಗ್ಯ ಸಮೀಕ್ಷೆಯಲ್ಲಿ ಇದೇ ಲೆಕ್ಕ 100ಕ್ಕೆ 28 ಅಂತ ಬಂತು. ಮೂರು ವರ್ಷದಲ್ಲಿ ಗಂಡಸರೆಲ್ಲ ಸಾಧುಗಳಾದರೇ? ಎಲ್ಸ್‌ಬರ್ಗ್ ಮತ್ತು ಸಂಗಡಿಗರು ಈ ಅಧ್ಯಯನಗಳನ್ನು ಪಕ್ಕಪಕ್ಕ ಇಟ್ಟು 2001ರಲ್ಲಿ ಬರೆದರು: ಮುಖ್ಯ ಕಾರಣ, ಆ ಸಮೀಕ್ಷೆಯಲ್ಲಿ ಹೆಂಗಸರು ಬಾಯಿ ಬಿಟ್ಟಿರಲಿಲ್ಲ. ಕೇಳುವವರಿಗೆ ಎಂಥ ತರಬೇತಿ ಇತ್ತು, ಏಕಾಂತ ಇತ್ತೋ ಇಲ್ಲವೋ ಅನ್ನುವುದರ ಮೇಲೆ ಉತ್ತರ ನಿಂತಿತ್ತು.

ನನ್ನನ್ನು ತಡೆದು ನಿಲ್ಲಿಸಿದ್ದು ಇದೇ. ನೀತಿ ಬೇರೆ, ಸತ್ಯ ಬೇರೆ ಅಂತ ಪಂಡಿತರು ಹೇಳಿಕೊಟ್ಟಿದ್ದರು. ಇಲ್ಲಿ ನೋಡಿದರೆ, ಹೇಳುವವಳನ್ನು ಕಾಪಾಡದವನಿಗೆ ಸತ್ಯವೂ ದಕ್ಕುವುದಿಲ್ಲ.

ಕಾಪಾಡುವುದು ಹೇಗೆ? ವಿಶ್ವ ಆರೋಗ್ಯ ಸಂಸ್ಥೆ 2001ರಲ್ಲಿ ಇದಕ್ಕೆ ನಿಯಮ ಬರೆಯಿತು. ಒಂದು ಮನೆಯಲ್ಲಿ ಒಬ್ಬಳನ್ನೇ ಕೇಳಬೇಕು, ಒಂಟಿಯಾಗಿ ಕೇಳಬೇಕು. ಯಾರಾದರೂ ಒಳಗೆ ಬಂದರೆ ಮಾತು ಬೇರೆ ಕಡೆ ತಿರುಗಿಸಬೇಕು. ನೆರವು ಎಲ್ಲಿ ಸಿಗುತ್ತದೆ ಅಂತ ಮೊದಲೇ ಗೊತ್ತು ಮಾಡಿಕೊಂಡಿರಬೇಕು. ಮನೆಯವರಿಗೆ, ಊರಿಗೆ ಇದು ಹೆಂಗಸರ ಆರೋಗ್ಯದ ಅಧ್ಯಯನ ಅಂತಷ್ಟೇ ಹೇಳಬೇಕು. ಇದು ಸುಳ್ಳಲ್ಲವೇ ಅಂತ ಕೇಳಬಹುದು. ಉತ್ತರ ಕೊಡುವವಳಿಗೆ ಮಾತ್ರ ಪೂರ್ತಿ ವಿಷಯ ತಿಳಿಸಿ, ಬೇಡ ಅನ್ನುವ ಹಕ್ಕನ್ನೂ ಕೊಡಬೇಕು. ಸತ್ಯ ಸಲ್ಲಬೇಕಾದದ್ದು ಅವಳಿಗೆ. ದೊಣ್ಣೆ ಹಿಡಿದವನಿಗೆ ವರದಿ ಒಪ್ಪಿಸುವ ಋಣ ನಮಗಿಲ್ಲ.

ಹಾಗಾದರೆ ಕೇಳದೇ ಸುಮ್ಮನಿರುವುದೇ ವಾಸಿಯಲ್ಲವೇ? ಅದೇ ಸಂಸ್ಥೆ 10 ದೇಶಗಳಲ್ಲಿ 24,000 ಹೆಂಗಸರನ್ನು ಮಾತಾಡಿಸಿ 2005ರಲ್ಲಿ ವರದಿ ತಂದಿತು. ಬಾಂಗ್ಲಾದೇಶದಲ್ಲಿ ಪೆಟ್ಟು ತಿಂದವರಲ್ಲಿ 100ಕ್ಕೆ 66 ಮಂದಿ ಅದುವರೆಗೆ ಯಾರಿಗೂ ಹೇಳಿಕೊಂಡಿರಲಿಲ್ಲ. ತಾಯಿಗಿಲ್ಲ, ತಂಗಿಗಿಲ್ಲ. ಮೊದಲ ಸಲ ಕೇಳಿದ್ದು ಬಾಗಿಲಿಗೆ ಬಂದ ಅಪರಿಚಿತೆ. ಕೇಳದೇ ಇರುವುದನ್ನು ಮರ್ಯಾದೆ ಅಂತ ಕರೆದು ಕೈತೊಳೆದುಕೊಳ್ಳಲು ನನಗೆ ಆಗುವುದಿಲ್ಲ.

ಕೇಳುವುದಕ್ಕೆ ಹಕ್ಕು ಅನ್ನುವ ಮಾತೇ ತಪ್ಪು ಅಂತ ನನಗೀಗ ಅನ್ನಿಸುತ್ತದೆ. ಅದು ಸಾಲ. ಹೇಳಿದವಳು ಕೊಟ್ಟವಳು, ಬರೆದುಕೊಂಡವಳು ಪಡೆದವಳು. ಪರದೇಶದವಳಾದರೆ ಸಾಲ ಇನ್ನೂ ದೊಡ್ಡದು, ಯಾಕಂದರೆ ತೀರಿಸದೆ ವಿಮಾನ ಹತ್ತುವುದು ಅವಳಿಗೆ ಸುಲಭ. ಆ ಮಾತು ಆ ಊರಿನ ಹೆಂಗಸರ ಸಂಘಕ್ಕೆ, ಅವರ ಭಾಷೆಯಲ್ಲಿ, ಅವರ ಹೋರಾಟಕ್ಕೆ ಒದಗುವ ಹಾಗೆ ವಾಪಸಾಗಬೇಕು.

ನಾಳೆ ಪಕ್ಕದೂರಿಗೆ ಕಾಗದ ಪೆನ್ನು ಹಿಡಿದು ಹೋಗುವ ಮೇಷ್ಟರಿಗೂ, ವಿದ್ಯಾರ್ಥಿಗೂ, ನನಗೂ ಇದು ಸಲ್ಲುತ್ತದೆ. ಎದುರಿಗೆ ಕೂತವಳು, "ಕೇಳ್ಕಂಡು ಏನ್ಮಾಡ್ತೀಯಪ್ಪಾ?" ಅಂತ ಒಂದು ಮಾತು ಕೇಳಿಯೇ ಕೇಳುತ್ತಾಳೆ. ಅದಕ್ಕೆ ಉತ್ತರ ಇಲ್ಲದಿದ್ದರೆ ಕಾಗದ ಮಡಿಚಿಕೊಂಡು ಎದ್ದು ಬರಬೇಕು.