ತೋನ್ಸೆಪಾರಿನ ಕಂಬಗಳು ಮತ್ತು ಜಗತ್ತಿನ ಸತ್ಯತ್ವ

ಮಲ್ಪೆ ಬಂದರಿನಾಚೆ ಅರಬ್ಬೀ ಸಮುದ್ರದಲ್ಲಿರುವ ಸೇಂಟ್ ಮೇರೀಸ್ ದ್ವೀಪಗಳನ್ನು ಕರಾವಳಿಯವರು ತೋನ್ಸೆಪಾರ್ ಎಂದೂ ಕರೆಯುತ್ತಾರೆ. ಇವು ಬೆಂಕಿಯುಗುಳುವ ಬೆಟ್ಟಗಳಲ್ಲ. ಒಂದಾಗಿದ್ದ ಭಾರತ ಮತ್ತು ಮಡಗಾಸ್ಕರ್ ಬೇರ್ಪಡುತ್ತಿದ್ದ ಕಾಲದಲ್ಲಿ, ಅಂದರೆ ಸುಮಾರು 8.5ರಿಂದ 9 ಕೋಟಿ ವರ್ಷಗಳ ಹಿಂದೆ, ಹೊರಚೆಲ್ಲಿದ ಲಾವಾ ಹೆಪ್ಪುಗಟ್ಟಿ ಉಳಿದ ನೆಲ. ಲಾವಾ ತಣಿಯುತ್ತ ಕುಗ್ಗಿ ಬಿರಿಯುತ್ತದೆ; ಆ ಬಿರುಕುಗಳು ಒಳಕ್ಕಿಳಿದು ಬಂಡೆಯನ್ನು ಐದು, ಆರು, ಏಳು ಮುಖಗಳ ಕಂಬಗಳಾಗಿ ಸೀಳುತ್ತವೆ. ಯಾವ ಶಿಲ್ಪಿಯೂ ಮುಟ್ಟದ ಈ ಕಂಬಗಳು ಒಂದಕ್ಕೊಂದು ಒತ್ತಿಕೊಂಡು ನಿಂತಿವೆ, ಅಲೆಗಳು ಅವುಗಳ ಬುಡವನ್ನು ಸವೆಸುತ್ತಲೇ ಇವೆ, ದಡದಲ್ಲಿ ಮರಳಿಗಿಂತ ಚಿಪ್ಪಿನ ಚೂರುಗಳೇ ಹೆಚ್ಚಾಗಿ ಹರಡಿವೆ. ಮೈಸೂರಿನ ಚಾಮುಂಡಿ ಬೆಟ್ಟದ ಗ್ರಾನೈಟ್ ಇದಕ್ಕಿಂತ ಬಹಳ ಹಳೆಯದು, ಸುಮಾರು 80 ಕೋಟಿ ವರ್ಷಗಳದ್ದು. ಆದರೆ ನೆಲದಾಳದಲ್ಲಿ ನಿಧಾನವಾಗಿ ತಣಿದ ಆ ಕಲ್ಲು ತನ್ನ ಹುಟ್ಟಿನ ಬಗೆಯನ್ನು ಇಷ್ಟು ಬಿಚ್ಚಿ ತೋರುವುದಿಲ್ಲ.

ಹೀಗೆ ಹುಟ್ಟಿ ಹೀಗೆ ಸವೆಯುವ ವಸ್ತುವನ್ನು ಸತ್ಯವೆನ್ನಬಹುದೇ ಎಂಬುದು ವೇದಾಂತದ ಹಳೆಯ ಪ್ರಶ್ನೆ, ಮತ್ತು ಅದಕ್ಕೆ ಅತ್ಯಂತ ದೃಢವಾದ ಉತ್ತರ ಹೊರಟದ್ದು ಇದೇ ಕರಾವಳಿಯಿಂದ. ಮಲ್ಪೆಯ ಬಳಿ ಬಿರುಗಾಳಿಗೆ ಸಿಕ್ಕ ಹಡಗನ್ನು 13ನೆಯ ಶತಮಾನದಲ್ಲಿ ಮಧ್ವಾಚಾರ್ಯರು ಪಾರುಮಾಡಿದರೆಂದೂ, ಅದರಲ್ಲಿದ್ದ ಗೋಪಿಚಂದನದ ಗಡ್ಡೆಯಲ್ಲಿ ದೊರೆತ ಕೃಷ್ಣನನ್ನು ಉಡುಪಿಯಲ್ಲಿ ಪ್ರತಿಷ್ಠಿಸಿದರೆಂದೂ ಸಂಪ್ರದಾಯ ಹೇಳುತ್ತದೆ. ಮೂರು ಕಾಲಗಳಲ್ಲಿಯೂ ಬಾಧೆಗೊಳ್ಳದ್ದು, ಎಂದರೆ ಮುಂದಿನ ಜ್ಞಾನದಿಂದ ಅಲ್ಲಗಳೆಯಲಾಗದ್ದು, ಮಾತ್ರವೇ ಪರಮಾರ್ಥ ಸತ್ಯವೆಂದು ಅದ್ವೈತ ಹೇಳಿದರೆ, ಒಂದು ದೇಶದಲ್ಲಿ ಒಂದು ಕಾಲದಲ್ಲಿ ನಿಜವಾಗಿ ಇದ್ದದ್ದು ನಾಶವಾದ ಮಾತ್ರಕ್ಕೆ ಸುಳ್ಳಾಗದು ಎಂಬುದು ಮಧ್ವರು ಪ್ರತಿಪಾದಿಸಿದ ದ್ವೈತದ ನಿಲುವು. ಮಧ್ವರ ‘ತತ್ತ್ವಸಂಖ್ಯಾನ’ ಇರುವುದನ್ನೆಲ್ಲ ಸ್ವತಂತ್ರ ಮತ್ತು ಅಸ್ವತಂತ್ರ ಎಂದು ವಿಭಾಗಿಸುತ್ತದೆ. ವಿಷ್ಣುವೊಬ್ಬನೇ ಸ್ವತಂತ್ರ, ಉಳಿದದ್ದು ಅವನ ಅಧೀನ, ಆದರೆ ಅಧೀನವಾಗಿದ್ದೂ ಪೂರ್ಣವಾಗಿ ನಿಜ.

ಭೂವಿಜ್ಞಾನ ಈ ವಾದವನ್ನು ಗೆಲ್ಲಿಸಿತೆಂದರೆ ತಪ್ಪಾಗುತ್ತದೆ, ಏಕೆಂದರೆ ಕಂಬಗಳ ವಯಸ್ಸನ್ನೆಲ್ಲ ಅದ್ವೈತಿ ವ್ಯಾವಹಾರಿಕ ಸತ್ಯದೊಳಗೇ, ಎಂದರೆ ದೈನಂದಿನ ವ್ಯವಹಾರದ ಮಟ್ಟದ ಸತ್ಯದೊಳಗೇ, ಇರಿಸಬಲ್ಲನು. ಆದರೂ ನೋಡುವ ಮನುಷ್ಯನಿಲ್ಲದೆ ಕೋಟಿಗಟ್ಟಲೆ ವರ್ಷ ಇದ್ದ ಕಲ್ಲಿಗೆ, ಅದು ಸವೆಯುತ್ತಿರುವಾಗಲೂ, ಪೂರ್ಣ ಅಸ್ತಿತ್ವದ ಗೌರವ ಕೊಡುವುದು ಮಧ್ವರ ದರ್ಶನವೇ.

1498ರಲ್ಲಿ ವಾಸ್ಕೋ ಡ ಗಾಮ ಈ ದ್ವೀಪಗಳಲ್ಲಿಳಿದು ಮೇರಿಯ ಹೆಸರಿಟ್ಟನೆಂಬ ಪ್ರತೀತಿಯಿದೆ. ಜನವಸತಿಯಿಲ್ಲದ ಈ ದ್ವೀಪಗಳಿಂದ ಇಂದು ದೊರೆಯುವ ಆದಾಯ ಮುಖ್ಯವಾಗಿ ಮಲ್ಪೆಯಿಂದ ಹೊರಡುವ ಪ್ರವಾಸಿ ದೋಣಿಗಳದ್ದು. ಮಳೆಗಾಲದಲ್ಲಿ ಕಡಲು ಕೆರಳಿದಾಗ ಅದೂ ನಿಲ್ಲುತ್ತದೆ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆ ಇವನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಘೋಷಿಸಿದೆ. ನಶಿಸುವ ವಸ್ತುವೂ ಸತ್ಯವಾದರೆ ಅದರ ನಾಶವೂ ಸತ್ಯವಾದ ನಷ್ಟವೇ ಆದ್ದರಿಂದ, ಅಲ್ಲಿಗೆ ಹೋಗುವವರು ಕಂಬಗಳ ಮೇಲೆ ಹೆಸರು ಕೆತ್ತದೆ, ಪ್ಲಾಸ್ಟಿಕ್ ಬಿಸಾಡದೆ, ಒಂದು ಚೂರು ಕಲ್ಲನ್ನೂ ಒಡೆದು ತರದೆ ಮರಳಬೇಕು.