ಹೊಸ್ತಿಲಾಚೆಯ ಧರ್ಮ

ಗೃಹಸ್ಥನಾದವನು ತಾನು ಯಾರಿಗೂ ಕೇಡು ಬಗೆಯದೆ ಬಾಳುತ್ತಿರುವೆನೆಂದು ಎಷ್ಟೇ ನಂಬಿದ್ದರೂ ಅವನ ಮನೆಯಲ್ಲಿ ಐದು ಹಿಂಸಾಸ್ಥಾನಗಳುಂಟೆಂದು ಧರ್ಮಶಾಸ್ತ್ರಕಾರರು ಎಣಿಸಿದ್ದಾರೆ. ಒಲೆ, ಬೀಸುವ ಕಲ್ಲು, ಪೊರಕೆ, ಒರಳು, ನೀರಿನ ಕೊಡ, ಇವೇ ಆ ಐದು. ಇವಕ್ಕೆ ಪಂಚಸೂನೆಗಳೆಂದು ಹೆಸರು, ಸೂನೆಯೆಂದರೆ ವಧಸ್ಥಾನ. ಉರಿಯುವ ಸೌದೆಯಲ್ಲಿ, ಬೀಸುವ ಧಾನ್ಯದಲ್ಲಿ, ಗುಡಿಸುವ ಧೂಳಿನಲ್ಲಿ, ತುಂಬಿದ ಕೊಡದಲ್ಲಿ ಕಣ್ಣಿಗೆ ಕಾಣದ ಎಷ್ಟೋ ಜೀವಗಳು ಅಳಿಯುತ್ತವೆ. ಹಾಗೆಂದು ಒಲೆ ಹಚ್ಚದೆ, ನೀರು ತಾರದೆ ಬಾಳುವಂತಿಲ್ಲ. ಆದುದರಿಂದ ದಿನವೂ ಐದು ಮಹಾಯಜ್ಞಗಳನ್ನು ಮಾಡಿ ಆ ದೋಷವನ್ನು ಕಳೆದುಕೊಳ್ಳತಕ್ಕದ್ದೆಂದು ವಿಧಿಸಿದರು. ಈ ಆಚರಣೆ ಈಗ ವಿರಳವಾಗಿರಬಹುದು. ಅದರ ಹಿಂದಿರುವ ಅರಿವು ಮಾತ್ರ ಹಳತಾಗಿಲ್ಲ: ಬದುಕುವುದೆಂದರೆ ಪರರಿಂದ ಪಡೆಯುವುದು, ಪಡೆದುದನ್ನು ಅರಿತು ದಿನದಿನವೂ ಹಿಂದಿರುಗಿಸುವವನೇ ಗೃಹಸ್ಥ. ಆ ಐದರಲ್ಲಿ ಕೊಡ, ಪೊರಕೆ ಎಂಬ ಎರಡನ್ನೇ ಹಿಡಿದು ಬೆಂಗಳೂರಿನಂತಹ ಮಹಾನಗರದ ಗೃಹಸ್ಥಧರ್ಮವನ್ನು ವಿಚಾರಮಾಡಬಹುದು.

ಮೊದಲು ಕೊಡದ ಮಾತು. ಹಳ್ಳಿಯಲ್ಲಿ ನೀರಿನ ಭಾರ ಹೊತ್ತವರ ಸೊಂಟಕ್ಕೆ ತಿಳಿಯುತ್ತಿದ್ದಿತು. ಬಾವಿ ಎಷ್ಟು ಮೆಟ್ಟಿಲು ಇಳಿಯಿತೆಂಬುದನ್ನು ಹಗ್ಗವೇ ಹೇಳುತ್ತಿದ್ದಿತು. ನಲ್ಲಿ ತಿರುಗಿಸುವ ಬೆರಳಿಗೆ ಆ ಭಾರವೂ ತಿಳಿಯದು, ಆ ಅಳತೆಯೂ ತಿಳಿಯದು. ಬೆಂಗಳೂರಿಗೆ ಹತ್ತಿರದಲ್ಲಿ ಹಿರಿಯ ಹೊಳೆಯಿಲ್ಲ. ಅದು ಕೆರೆಗಳ ಊರು. ಮೇಲಣ ಕೆರೆ ತುಂಬಿ ಕೋಡಿಬಿದ್ದರೆ ಆ ನೀರು ಕಾಲುವೆ ಹಿಡಿದು ಕೆಳಗಣ ಕೆರೆಗೆ ಇಳಿಯುವಂತೆ ಹಿಂದಿನವರು ಸರಪಳಿಯಾಗಿ ಕಟ್ಟಿದ್ದರು. ೧೮೯೬ರಲ್ಲಿ ಹೆಸರಘಟ್ಟದಿಂದ ಕೊಳಾಯಿಯ ನೀರು ಬಂದಿತು. ೧೯೩೩ರಲ್ಲಿ ತಿಪ್ಪಗೊಂಡನಹಳ್ಳಿಯ ಜಲಾಶಯ ಒದಗಿತು. ೧೯೭೪ರಲ್ಲಿ ಕಾವೇರಿ ಬಂದಳು. ನೀರು ದೂರದಿಂದ ಬಂದಂತೆಲ್ಲ ಹತ್ತಿರದ ಕೆರೆಯ ಮೇಲಣ ಆದರವು ಇಳಿಯಿತು. ಧರ್ಮಾಂಬುಧಿಯಿದ್ದೆಡೆ ಇಂದು ಬಸ್ಸುಗಳ ನಿಲ್ದಾಣ. ಸಂಪಂಗಿ ಕೆರೆಯಿದ್ದೆಡೆ ಕ್ರೀಡಾಂಗಣ. ಕಾವೇರಿಯ ನೀರಾದರೋ ತೊರೆಕಾಡನಹಳ್ಳಿಯಿಂದ ಸುಮಾರು ೧೦೦ ಕಿಲೋಮೀಟರು ದೂರ, ಸುಮಾರು ೫೦೦ ಮೀಟರು ಎತ್ತರಕ್ಕೆ ಯಂತ್ರಬಲದಿಂದ ಏರಿ ಬರಬೇಕು. ಹೀಗೆ ಒಂದು ಕೊಡ ನೀರಿನಲ್ಲಿ ನದೀತೀರದ ರೈತನ ಗದ್ದೆಯೂ ಇದೆ, ವಿದ್ಯುತ್ತಿಗಾಗಿ ಎಲ್ಲಿಯೋ ಉರಿದ ಇದ್ದಲೂ ಇದೆ. ೨೦೨೪ರ ಬೇಸಗೆಯಲ್ಲಿ ಸಾವಿರಾರು ಕೊಳವೆಬಾವಿಗಳು ಬತ್ತಿದಾಗ, ಕುಡಿಯುವ ನೀರಿನಿಂದ ಕಾರು ತೊಳೆದವರಿಗೆ ೫೦೦೦ ರೂಪಾಯಿ ದಂಡವೆಂದು ಸಾರಬೇಕಾಯಿತು. ಅದೇ ವರ್ಷ ಅಕ್ಟೋಬರಿನಲ್ಲಿ ಕಾವೇರಿಯ ಐದನೆಯ ಹಂತ ಆರಂಭವಾಗಿ ದಿನಕ್ಕೆ ೭೭ ಕೋಟಿ ಲೀಟರಿಗೂ ಮಿಕ್ಕು ನೀರು ತರುವ ಏರ್ಪಾಡಾಯಿತು. ದಂಡದ ಮಾತು ಅಷ್ಟಕ್ಕೇ ಮರೆತಂತಾಯಿತು. ನೀರು ಬಂದೊಡನೆ ಮರೆಯುವ ಎಚ್ಚರವನ್ನು ಧರ್ಮವೆನ್ನಬಹುದೆ?

ಇನ್ನು ಪೊರಕೆ. ಹಳ್ಳಿಯಲ್ಲಿ ಕಸಕ್ಕೆ ತಿಪ್ಪೆಯೆಂಬ ನೆಲೆಯಿದ್ದಿತು. ಸಗಣಿ, ಬೂದಿ, ಸಿಪ್ಪೆ, ತರಗೆಲೆ ಎಲ್ಲವೂ ಅಲ್ಲಿ ಕೊಳೆತು, ಗಾಡಿಯೇರಿ ಹೊಲ ಸೇರುತ್ತಿದ್ದುವು. ಒಕ್ಕಲಿಗನಿಗೆ ತಿಪ್ಪೆಯೂ ಒಂದು ಆಸ್ತಿ. ನಗರದ ತಿಪ್ಪೆಗೆ ಹೊಲವಿಲ್ಲ. ಉಳಿದ ಅನ್ನ, ಒಡೆದ ಗಾಜು, ಪ್ಲಾಸ್ಟಿಕ್ಕು, ಚುಚ್ಚುಮದ್ದಿನ ಸೂಜಿ ಒಂದೇ ಚೀಲದಲ್ಲಿ ಕಲೆತರೆ ಅದು ಗೊಬ್ಬರವೂ ಆಗದು, ಮರಳಿ ಉಪಯೋಗಕ್ಕೂ ಬಾರದು. ಎಲ್ಲಿಯಾದರೂ ಗುಡ್ಡೆಯಾಗಿ ಬೀಳಬೇಕು. ಬೆಂಗಳೂರಿನ ಕಸ ಹಲವು ವರ್ಷ ಉತ್ತರದ ಮಾವಳ್ಳಿಪುರದಲ್ಲಿಯೂ ಪೂರ್ವದ ಮಂಡೂರಿನಲ್ಲಿಯೂ ಹೀಗೆ ಬಿದ್ದಿತು. ಆ ಊರಿನವರು ನೊಣ ನಾತಗಳ ನಡುವೆ ಉಣ್ಣಬೇಕಾಯಿತು. ಗುಡ್ಡೆಯಿಂದ ಒಸರಿದ ಕೊಳೆ ನೆಲದ ನೀರಿಗೆ ಇಳಿಯಿತು. ೨೦೧೨ರಲ್ಲಿ ಮಾವಳ್ಳಿಪುರದ ದಾರಿ ಮುಚ್ಚಿದಾಗ ನಗರದ ಬೀದಿಗಳಲ್ಲಿಯೇ ಕಸ ಕೊಳೆತು ನಿಂತಿತು. ಮಂಡೂರಿನವರು ಲಾರಿಗಳಿಗೆ ಅಡ್ಡನಿಂತರು. ೨೦೧೪ರ ಡಿಸೆಂಬರಿಗೆ ಅಲ್ಲಿಯೂ ಸುರಿಯುವುದು ನಿಂತಿತು. ಆ ಗ್ರಾಮಸ್ಥರು ನಗರವಾಸಿಗಳಿಗೆ ಮಾಡಿದ್ದ ಅಪರಾಧ ಯಾವುದು? ನಗರದ ಮನೆಗಳು ಹೊಸ್ತಿಲವರೆಗೆ ಗುಡಿಸಿ, ಸಾರಿಸಿ, ರಂಗವಲ್ಲಿಯಿಟ್ಟು ಶುಚಿಯಾದುವು. ಆ ಶುಚಿತ್ವದ ಬೆಲೆಯನ್ನು ಮತ್ತೊಂದು ಊರು ತೆತ್ತಿತು.

ಇಲ್ಲಿ ಒಂದು ಪೂರ್ವಪಕ್ಷವೇಳುತ್ತದೆ. “ತೆರಿಗೆ ಸಲ್ಲಿಸಿದ್ದಾಗಿದೆ, ಕಸ ಸಾಗಿಸುವುದೂ ನೀರು ಒದಗಿಸುವುದೂ ಪೌರಾಡಳಿತದ ಕೆಲಸ. ಅದು ಕೆಟ್ಟರೆ ಹೊಣೆ ಅಧಿಕಾರಿಗಳದು, ಗೃಹಸ್ಥನದಲ್ಲ” ಎಂದು. ಇದು ಬರಿಯ ಸೋಮಾರಿಯ ವಾದವಲ್ಲ. ಕೆಲಸಗಳನ್ನು ಹಂಚಿಕೊಂಡು ಬಾಳುವುದೇ ನಗರದ ಲಕ್ಷಣ. ಪ್ರತಿಯೊಬ್ಬನೂ ತನ್ನ ಬಾವಿಯನ್ನು ತಾನೇ ತೋಡಬೇಕೆಂದರೆ ನಗರವೇ ಇರಲಾರದು. ಅಧಿಕಾರಿಗಳ ಹೊಣೆಯೂ ಸಣ್ಣದಲ್ಲ. ಆದರೆ ಮೀಮಾಂಸಕರು ಮಾಡಿರುವ ಒಂದು ವಿವೇಚನೆಯನ್ನು ಇಲ್ಲಿ ನೆನೆಯಬೇಕು. ಯಾಗದಲ್ಲಿ ವ್ರೀಹಿ ದೊರೆಯದಿದ್ದರೆ ನೀವಾರದಿಂದ ನಡೆಸಬಹುದು, ದ್ರವ್ಯಕ್ಕೆ ಪ್ರತಿನಿಧಿಯುಂಟು. ಋತ್ವಿಜರನ್ನು ದಕ್ಷಿಣೆ ಕೊಟ್ಟು ಕರೆಯಬಹುದು. ಯಜಮಾನನ ಎಡೆಯಲ್ಲಿ ಮಾತ್ರ ಬೇರೊಬ್ಬನನ್ನು ಕೂರಿಸಲಾಗದು. ತೆರಿಗೆಯೆಂಬುದು ಋತ್ವಿಜರ ದಕ್ಷಿಣೆಯಂತೆ. ಕಸ ಸಾಗಿಸುವ ಕೆಲಸವನ್ನು ಹಣ ಕೊಟ್ಟು ಮಾಡಿಸಬಹುದು. ಹಸಿಯನ್ನೂ ಒಣದನ್ನೂ ಕಲೆಸದೆ ಇರುವ ಕೆಲಸವನ್ನು ಮಾಡಿಸಲಾಗದು. ಅದು ಕೈಯಿಂದ ಸಿಪ್ಪೆ ಜಾರುವ ಆ ಒಂದು ಕ್ಷಣದಲ್ಲಿ, ಆ ಕೈಯಿಂದಲೇ ಆಗಬೇಕಾದುದು. ಒಮ್ಮೆ ಕಲೆತುದನ್ನು ಮತ್ತೆ ಪೂರ್ತಿಯಾಗಿ ಬೇರ್ಪಡಿಸುವುದು ಎಷ್ಟು ಹಣದಿಂದಲೂ ಸುಲಭವಲ್ಲ. ಯಜಮಾನನ ಕೆಲಸವೆಂದರೆ ಇದೇ.

ಎರಡನೆಯ ಆಕ್ಷೇಪ ಇದಕ್ಕಿಂತ ಸೂಕ್ಷ್ಮವಾದುದು. ೨೦೧೧ರ ಜನಗಣತಿಯಲ್ಲಿಯೇ ೮೪ ಲಕ್ಷ ಜನರಿದ್ದ ನಗರದಲ್ಲಿ ಒಂದು ಮನೆ ಕಸ ಬೇರ್ಪಡಿಸಿದರೆಷ್ಟು, ಬಿಟ್ಟರೆಷ್ಟು? ಗುಡ್ಡೆಯಲ್ಲಿ ಒಂದು ಹಿಡಿ ಕಡಿಮೆಯಾದರೆ ಯಾರಿಗೆ ಕಂಡೀತು? ಗುಡ್ಡೆಯನ್ನು ನೋಡುತ್ತ ನಿಂತವನಿಗೆ ಈ ಆಕ್ಷೇಪ ಸರಿಯೆಂದೇ ತೋರುವುದು. ಆದರೆ ಚೀಲವನ್ನು ಮೊದಲು ಬಿಚ್ಚುವವನು ಗುಡ್ಡೆಯಲ್ಲ, ಒಬ್ಬ ಮನುಷ್ಯ. ಪೌರಕಾರ್ಮಿಕಳ ಕೈಗೋ ಚಿಂದಿ ಆಯುವವನ ಕೈಗೋ ಲಕ್ಷಾಂತರ ಮನೆಗಳ ಕಸ ಒಟ್ಟಿಗೆ ತಾಗುವುದಿಲ್ಲ. ಈ ಮನೆಯ ಈ ಚೀಲ ತಾಗುತ್ತದೆ. ಒಡೆದ ಲೋಟವನ್ನು ಕಾಗದದಲ್ಲಿ ಸುತ್ತಿ ಗುರುತುಮಾಡಿ ಇಟ್ಟಿದ್ದರೆ ಆ ಕೈ ಉಳಿಯುತ್ತದೆ, ಇಲ್ಲವಾದರೆ ಸೀಳುತ್ತದೆ. ನಗರವನ್ನು ಉದ್ಧರಿಸುವ ಶಕ್ತಿ ಒಂದು ಮನೆಗೆ ಇಲ್ಲದಿರಬಹುದು. ಒಬ್ಬನ ಕೈಯನ್ನು ಗಾಯಗೊಳಿಸುವ ಶಕ್ತಿಯಂತೂ ಇದ್ದೇ ಇದೆ. ಫಲದ ಗಾತ್ರವನ್ನು ಅಳೆದು ಕರ್ತವ್ಯವನ್ನು ನಿಶ್ಚಯಿಸಹೊರಟವರು ಈ ಕೈಯನ್ನು ಮರೆಯುತ್ತಾರೆ.

ದಂಡಕ್ಕೆ ಹೆದರಿ ಮಾಡಿದುದು ಧರ್ಮವಾದೀತೆ ಎಂಬ ಪ್ರಶ್ನೆಯೂ ಉಂಟು. ದೊಡ್ಡ ನಿವೇಶನದ ಮನೆಗಳು ಮಳೆನೀರನ್ನು ಹಿಡಿಯಬೇಕೆಂದು ೨೦೦೯ರಲ್ಲಿ ಶಾಸನವಾಯಿತು. ಎರಡು ಬುಟ್ಟಿ, ಒಂದು ಚೀಲದಲ್ಲಿ ಕಸ ಬೇರ್ಪಡಿಸಬೇಕೆಂದು ೨೦೧೫ರ ಡಿಸೆಂಬರಿನಲ್ಲಿ ಉಚ್ಚ ನ್ಯಾಯಾಲಯ ಆಜ್ಞೆಮಾಡಿತು. ಭಯದಿಂದ ತೊಡಗಿದುದು ಅಭ್ಯಾಸವಾಗಿ, ಅಭ್ಯಾಸವು ಮಕ್ಕಳಿಗೆ ಸಹಜವಾಗುವುದು ಲೋಕದಲ್ಲಿ ಕಂಡದ್ದೇ. ಆದರೆ ದಂಡ ಕಾಣುವುದು ಬೀದಿಯವರೆಗೆ. ಅಡುಗೆಮನೆಯೊಳಗೆ ಅದು ಬರಲಾರದು. ಅಲ್ಲಿ ಗೃಹಸ್ಥನ ಮನಸ್ಸೇ ಸಾಕ್ಷಿ.

ಪಂಚಸೂನೆಗಳ ವಿಚಾರವು ಒಂದೊಂದು ಮನೆಯದು. ಮನೆಯಾಚೆಗೆ ಪರರಿಗಾಗಿ ಮಾಡತಕ್ಕ ಪುಣ್ಯಕ್ಕೆ ಪೂರ್ತವೆಂದು ಹೆಸರು. ಬಾವಿ, ಕೆರೆ, ತೋಪುಗಳನ್ನು ಲೋಕದ ಉಪಯೋಗಕ್ಕಾಗಿ ನಿರ್ಮಿಸುವುದೂ ಉಳಿಸುವುದೂ ಅದರಲ್ಲಿ ಸೇರಿದೆ. ಈ ಪೂರ್ತಧರ್ಮವು ಬೆಂಗಳೂರಿನಲ್ಲಿ ಅಲ್ಲಲ್ಲಿ ಮತ್ತೆ ಚಿಗುರಿರುವುದು ಸಂತೋಷದ ಸಂಗತಿ. ಸರ್ಜಾಪುರ ರಸ್ತೆಯ ಬದಿಯ ಕೈಕೊಂಡ್ರಹಳ್ಳಿ ಕೆರೆಯನ್ನು ಸುತ್ತಲಿನ ನಿವಾಸಿಗಳು ಪೌರಾಡಳಿತದೊಡನೆ ಕೂಡಿ ಉಳಿಸಿಕೊಂಡರು. ಜೆ. ಪಿ. ನಗರದ ಪುಟ್ಟೇನಹಳ್ಳಿಯ ಸಣ್ಣ ಕೆರೆಗಾಗಿ ನೆರೆಯವರು ೨೦೧೦ರಲ್ಲಿ ಸಂಘ ಕಟ್ಟಿ ಅದರ ಪಾಲನೆಯನ್ನು ವಹಿಸಿಕೊಂಡರು. ಜಕ್ಕೂರಿನಲ್ಲಿ ಶೋಧಿಸಿದ ಕೊಳಚೆನೀರು ಜೊಂಡಿನ ನಡುವೆ ಹರಿದು ಮತ್ತಷ್ಟು ತಿಳಿಯಾಗಿ ಕೆರೆ ಸೇರುತ್ತದೆ. ಇದಕ್ಕೆ ವಿಪರೀತವಾದ ದೃಷ್ಟಾಂತ ಬೆಳ್ಳಂದೂರು: ಕೊಳಚೆಯೂ ಸಾಬೂನಿನ ನೊರೆಯೂ ತುಂಬಿದ ಆ ಕೆರೆಗೆ ೨೦೧೫, ೨೦೧೭, ೨೦೧೮ರಲ್ಲಿ ಬೆಂಕಿ ಹತ್ತಿತು. ನೀರಿಗೇ ಉರಿ ಬಿದ್ದಿತೆಂದರೆ ಹಿಂದಿನವರು ಅದನ್ನು ಉತ್ಪಾತವೆಂದು ಬಗೆದು ಶಾಂತಿ ಮಾಡಿಸುತ್ತಿದ್ದರು. ಇದು ದೇವತೆಗಳು ಕಳುಹಿದ ಉತ್ಪಾತವಲ್ಲ, ಮನೆಮನೆಯ ಬಚ್ಚಲಿನಿಂದ ಇಳಿದುದು.

ಪೂರ್ತದಲ್ಲಿಯೂ ಒಂದು ಎಚ್ಚರ ಬೇಕು. ಕೆರೆಯ ಹೂಳೆತ್ತಿ, ಸುತ್ತ ಬೇಲಿ ಹಾಕಿ, ಅಡ್ಡಾಡುವ ದಾರಿ ಮಾಡಿದಾಗ, ಅಲ್ಲಿ ದನಕ್ಕೆ ನೀರು ಕುಡಿಸುತ್ತಿದ್ದವನೂ ಬಟ್ಟೆ ಒಗೆಯುತ್ತಿದ್ದವನೂ ಮೀನು ಹಿಡಿಯುತ್ತಿದ್ದವನೂ ಎಲ್ಲಿಗೆ ಹೋದರೆಂದು ಕೇಳಬೇಕು. ಹಳೆಯ ಕೆರೆಯಲ್ಲಿ ಪ್ರತಿಯೊಬ್ಬನಿಗೂ ಪಾಲೂ ಇದ್ದಿತು, ಕೆಲಸವೂ ಇದ್ದಿತು. ಗದ್ದೆಗೆ ನೀರು ಬಿಡಲು ನೀರುಗಂಟಿಯಿದ್ದನು. ಬೆಳಗಿನ ವಿಹಾರಕ್ಕೆ ಬರುವವರ ಕಣ್ಣಿಗೆ ಹಸುರು ಕಂಡಮಾತ್ರಕ್ಕೆ ಪೂರ್ತವಾಗದು. ದನಗಾಹಿಗೆ ಬಾಗಿಲು ಮುಚ್ಚಿದ ಕೆರೆ ಉದ್ಯಾನವಾದೀತು, ಊರಿನ ಕೆರೆಯಾಗದು.

ಕೊನೆಯದಾಗಿ ಕೋಲಾರದ ಮಾತು. ೨೦೧೮ರಿಂದ ಬೆಂಗಳೂರಿನ ಕೋರಮಂಗಲ–ಚಲ್ಲಘಟ್ಟ ಕಣಿವೆಯ ಕೊಳಚೆನೀರನ್ನು ಶೋಧಿಸಿ, ಬರಗಾಲಕ್ಕೆ ಸಿಕ್ಕಿದ ಆ ಜಿಲ್ಲೆಯ ಕೆರೆಗಳಿಗೆ ಹರಿಸಲಾಗುತ್ತಿದೆ. ದಿನಕ್ಕೆ ೪೪ ಕೋಟಿ ಲೀಟರು ಎಂಬುದು ಯೋಜನೆಯ ಅಳತೆ. ಬತ್ತಿದ ಕೆರೆಗಳು ತುಂಬಿದುವು, ಬಾವಿಗಳಲ್ಲಿ ನೀರೇರಿತು. ಆರಂಭದ ವರ್ಷವೇ ಲಕ್ಷ್ಮೀಸಾಗರದ ಕೆರೆಯಲ್ಲಿ ನೊರೆ ಕಾಣಿಸಿ ವ್ಯಾಜ್ಯವು ನ್ಯಾಯಾಲಯದವರೆಗೂ ಹೋಯಿತು. ನೀರನ್ನು ಇನ್ನೂ ಒಂದು ಹಂತ ಹೆಚ್ಚಾಗಿ ಶೋಧಿಸಬೇಕೆಂದು ಆ ಕಡೆಯವರು ಕೇಳುವುದು ನ್ಯಾಯವಾಗಿಯೇ ಇದೆ. ದಾನಕ್ಕೆ ದೇಶ, ಕಾಲ, ಪಾತ್ರ ನೋಡುವಂತೆ ದ್ರವ್ಯಶುದ್ಧಿಯನ್ನೂ ನೋಡತಕ್ಕದ್ದು. ತಾನು ಮುಟ್ಟಲಾರದುದನ್ನು ಇನ್ನೊಬ್ಬನಿಗೆ ಕೊಟ್ಟರೆ ಅದು ದಾನವಲ್ಲ. ಶೋಧಕ ಯಂತ್ರಗಳ ಹೊಣೆ ಸರ್ಕಾರದ್ದು. ಆದರೆ ಬಚ್ಚಲಿಗೆ ಸುರಿಯುವ ಒಗೆಯುವ ಪುಡಿ ಎಷ್ಟು, ಎಣ್ಣೆ ಎಷ್ಟು, ಹಳೆಯ ಔಷಧ ಎಷ್ಟು ಎಂಬುದನ್ನು ನಿಶ್ಚಯಿಸುವವಳು ಮನೆಯೊಡತಿ, ನಿಶ್ಚಯಿಸುವವನು ಯಜಮಾನ. ಕಾವೇರಿಯ ಕಡೆಯಿಂದ ಪಡೆದ ನೀರು ಆ ಮನೆಯನ್ನು ಹಾದು ಕೋಲಾರದ ರೈತನ ಗದ್ದೆಗೆ ಹೋಗುತ್ತಿದೆ. ನಡುವೆ ಅದು ಹೇಗೆ ಇರಬೇಕೆಂಬುದು ಆ ಮನೆಯವರ ಕೈಯಲ್ಲಿಯೂ ಇದೆ.

ಪಂಚಸೂನೆಗಳನ್ನು ಎಣಿಸಿದವರು ಗೃಹಸ್ಥನನ್ನು ಹೆದರಿಸಲೆಂದು ಎಣಿಸಲಿಲ್ಲ. ಒಲೆಯನ್ನು ಆರಿಸೆಂದೂ ಹೇಳಲಿಲ್ಲ. ಉಣ್ಣುವ ಮೊದಲು ಇತರರ ಪಾಲನ್ನು ನೆನೆಯೆಂದರು. ನಗರದ ಮನೆಯಲ್ಲಿ ಆ ನೆನಪಿಗೆ ದೊಡ್ಡ ವ್ರತ ಬೇಕಾಗಿಲ್ಲ. ಮಾಳಿಗೆಯ ಮಳೆನೀರಿಗೆ ಒಂದು ದಾರಿ, ಹಸಿ ಕಸಕ್ಕೆ ಒಂದು ಬುಟ್ಟಿ, ಗಾಜಿಗೆ ಒಂದು ಕಾಗದ, ಬಾಗಿಲಿಗೆ ಬರುವ ಪೌರಕಾರ್ಮಿಕಳನ್ನು ಹೆಸರು ಹಿಡಿದು ಮಾತನಾಡಿಸುವ ಸೌಜನ್ಯ, ಇಷ್ಟರಿಂದ ತೊಡಗಬಹುದು. ಬೆಳಗಿನಲ್ಲಿ ಹೊಸ್ತಿಲವರೆಗೆ ಗುಡಿಸಿದ ಕೈಗೆ, ಹೊಸ್ತಿಲಿನಾಚೆಗೂ ಮನೆಗಳುಂಟೆಂಬ ಅರಿವು ಇರಬೇಕಾದುದಷ್ಟೆ.